ತಾರಸಿಯ ಮೇಲಿನ ಢಬ್

‘ಸೋಲಾರ್ ಒಳಗೆ ನೀರು ಕುದ್ದು ಟ್ಯಾಂಕ್ ಗುದ್ದುತ್ತೆ ಸಾರ್, ಪಕ್ಕದ ಮನೆಯವರು ಜಗಳಕ್ಕೆ ಬರ್ತಿದ್ದಾರೆ.’ ದೂರು ಇಷ್ಟೇ. ಯಾವ ಹೊತ್ತಿಗೆ ಎಂದು ಕೇಳಿದರೆ ಬೆಳಗಿನ ಜಾವ ಐದೂವರೆ ಎಂದರು. ಐದೂವರೆಗೆ ಯಾವ ಸೋಲಾರೂ ಕುದಿಯುವುದಿಲ್ಲ. ಹಿಂದಿನ ಸಂಜೆ 60 ಡಿಗ್ರಿ ಇದ್ದ ನೀರು ಆ ಹೊತ್ತಿಗೆ 50ರ ಸುಮಾರಿಗೆ ಇಳಿದಿರುತ್ತದೆ. ಕುದಿಯುವುದಿದ್ದರೆ ಬೇಸಿಗೆಯ ಮಧ್ಯಾಹ್ನ, ಅದೂ ಮನೆಗೆ ಬೀಗ ಹಾಕಿ ನಾಲ್ಕು ದಿನ ಊರಿಗೆ ಹೋದಾಗ. ಆದ್ದರಿಂದ ಹಗಲು ಹೋಗಿ ಟ್ಯಾಂಕ್ ತಟ್ಟಿ ನೋಡಿ ಪ್ರಯೋಜನವಿರಲಿಲ್ಲ. ಫೆಬ್ರವರಿಯ ಒಂದು ಶನಿವಾರ ಕತ್ತಲಿರುವಾಗಲೇ ಆ ಮನೆಯ ತಾರಸಿಗೆ ಹತ್ತಿದ್ದಾಯಿತು.

ಬೆಂಗಳೂರಿನ 30–40 ಸೈಟು, ಎರಡು ಮಹಡಿ. ಪಕ್ಕದ ಮನೆಗೂ ಇದಕ್ಕೂ ನಡುವೆ ಮೂರಡಿ ಸಂದಿ. 200 ಲೀಟರಿನ ಒತ್ತಡರಹಿತ ಟ್ಯಾಂಕು, ಕೆಳಗೆ 47 ಮಿಮೀ ದಪ್ಪದ, ಒಂದೂವರೆ ಮೀಟರ್ ಉದ್ದದ 30 ಗಾಜಿನ ಕೊಳವೆ. ಬಳಸುವುದು ಬೋರ್‌ವೆಲ್ ನೀರು. ಸೋಲಾರ್ ಹಾಕಿ ಕೆಲವು ವರ್ಷ ಕಳೆದ ಮೇಲೆ ಶವರ್ ಜೋರಾಗಿ ಬರಲೆಂದು ಬಿಸಿನೀರಿನ ಲೈನಿಗೆ ಅರ್ಧ ಎಚ್‌ಪಿ ಪ್ರೆಶರ್ ಪಂಪು ಸೇರಿಸಿದ್ದರು. ಸದ್ದು ಶುರುವಾದದ್ದು ಯಾವಾಗಿನಿಂದ ಎಂದರೆ ಮನೆಯವರಿಗೆ ನೆನಪಿಲ್ಲ. ಅಜ್ಜಿಗೆ ಮಾತ್ರ ನೆನಪಿತ್ತು: ‘ಆ ಮೋಟ್ರು ಬಂದಾಗಿಂದ ಕಣಪ್ಪಾ.’

ನೀರು ತಾನಾಗಿ ಬಿಸಿಯಾಗಿ ಮೇಲೇರಿ, ತಣ್ಣಗಿನದು ಕೆಳಗಿಳಿಯುವ ಈ ಬಗೆಯ ಸೋಲಾರ್ ಮೂಕ ಯಂತ್ರ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಸದ್ದು ಕೇಳಿತೆಂದರೆ ಅದಕ್ಕೆ ಗಾಳಿ, ಸುಣ್ಣ, ಪೈಪು, ಪಂಪು ಇವುಗಳಲ್ಲಿ ಒಂದು ಕಾರಣ. ಯಾವುದೆಂದು ತಿಳಿಯಲು ಸದ್ದಿನ ಜೋರಿಗಿಂತ ಅದು ಬರುವ ಹೊತ್ತನ್ನು ಗಮನಿಸಬೇಕು.

5.35ಕ್ಕೆ ಕೆಳಗೆ ಬಚ್ಚಲಲ್ಲಿ ಶವರ್ ತಿರುಗಿಸಿದರು. ಪಂಪು ‘ಗುಂಯ್’ ಎಂದಿತು. ಅರ್ಧ ನಿಮಿಷದೊಳಗೆ ಟ್ಯಾಂಕಿನ ಮೇಲಿನ ಏರ್ ವೆಂಟ್ ಪೈಪು ಸಿಳ್ಳೆ ಹಾಕತೊಡಗಿತು, ಆಮೇಲೆ ಗೊಳಕ್ ಗೊಳಕ್, ಒಂದು ‘ಢಬ್’. ಶವರ್ ನಿಲ್ಲಿಸಿದ ಮೇಲೆ ಇನ್ನೊಂದು ‘ಢಬ್’. ಎಣ್ಣೆ ಡಬ್ಬದ ತಳವನ್ನು ಹೆಬ್ಬೆರಳಲ್ಲಿ ಒತ್ತಿ ಬಿಟ್ಟರೆ ಬರುತ್ತದಲ್ಲ, ಅದೇ ಸದ್ದು ಹತ್ತು ಪಟ್ಟು ಜೋರಾಗಿ. ನಡೆದಿದ್ದೂ ಅದೇ. ಒಳಟ್ಯಾಂಕಿನ ಸ್ಟೀಲ್ ತಗಡು ಅರ್ಧ ಮಿಲಿಮೀಟರ್ ಆಸುಪಾಸಿನದು. ಪಂಪು ನೀರು ಎಳೆದಷ್ಟು ಬೇಗ ತಣ್ಣೀರು ಒಳಬರದಿದ್ದರೆ ಆ ಜಾಗ ತುಂಬಲು ವೆಂಟಿನಿಂದ ಗಾಳಿ ಬರಬೇಕು. ಅದೂ ಸಾಲದಾದಾಗ ತಗಡು ಒಳಕ್ಕೆ ತಗ್ಗುತ್ತದೆ, ಪಂಪು ನಿಂತ ಮೇಲೆ ಹೊರಕ್ಕೆ ಚಿಮ್ಮುತ್ತದೆ. ಹೀಗೇ ಬಿಟ್ಟರೆ ಒಂದು ದಿನ ಬೆಸುಗೆ ಬಿರಿದು ಹೊರಕವಚದ ಕೆಳಗಿನಿಂದ ನೀರು ತೊಟ್ಟಿಕ್ಕುತ್ತದೆ. ಆಗ ಟ್ಯಾಂಕೇ ಹೊಸದು ಬೇಕು.

ಲೆಕ್ಕಕ್ಕೆ ಬೇಕಾದದ್ದು ಒಂದು 15 ಲೀಟರ್ ಬಕೆಟ್ಟು ಮತ್ತು ಗಡಿಯಾರ. ಎರಡೂ ಬಚ್ಚಲ ಬಿಸಿನೀರಿನ ನಲ್ಲಿ ಒಟ್ಟಿಗೆ ತೆರೆದಾಗ ಒಂದೊಂದು ಬಕೆಟ್ ತುಂಬಲು 80 ಸೆಕೆಂಡ್ ಹಿಡಿಯಿತು. ಅಂದರೆ ಪಂಪು ನಿಮಿಷಕ್ಕೆ 22 ಲೀಟರಿಗೂ ಸ್ವಲ್ಪ ಹೆಚ್ಚೇ ಎಳೆಯುತ್ತಿದೆ. ಇನ್ನು ಒಳಬರುವುದೆಷ್ಟು? ಸೋಲಾರ್ ಟ್ಯಾಂಕಿನ ತಣ್ಣೀರಿನ ಕಡೆ ಎನ್‌ಆರ್‌ವಿಗೆ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಮೊದಲಿನ ಯೂನಿಯನ್, ಅಂದರೆ ಪೈಪಿನ ಬಿಚ್ಚುವ ಜೋಡಣೆ, ಬಿಚ್ಚಿ, ಓವರ್‌ಹೆಡ್ ಟ್ಯಾಂಕಿನ ನೀರನ್ನು ಅದೇ ಬಕೆಟ್ಟಿಗೆ ಬಿಟ್ಟರೆ 75 ಸೆಕೆಂಡ್. ನಿಮಿಷಕ್ಕೆ 12 ಲೀಟರ್. ಹತ್ತು ಲೀಟರ್ ಕೊರತೆ. ಅರ್ಧ ಇಂಚಿನ ಪೈಪು ಒಂದು ಕಾರಣ. ಇನ್ನೊಂದು, ಹಳೆಯ ಗೇಟ್ ವಾಲ್ವ್: ಹಿಡಿ ಪೂರ್ತಿ ತಿರುಗುತ್ತದೆ, ಒಳಗಿನ ಬಾಗಿಲು ಮಾತ್ರ ತುಂಡಾಗಿ ಅರ್ಧಕ್ಕೇ ಬಿದ್ದಿದೆ. ಹೊರಗಿನಿಂದ ಇದು ಗೊತ್ತಾಗುವುದೇ ಇಲ್ಲ.

ಸಿಳ್ಳೆಯ ಕಾರಣ ವೆಂಟ್ ಪೈಪಿನ ಬಾಯಲ್ಲಿತ್ತು. ಕುಂಬಾರ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟಿ ಬೆರಳ ತುದಿಯಷ್ಟು ತೂತು ಮಾತ್ರ ಬಿಟ್ಟಿತ್ತು. ಸೈಕಲ್ ಕಡ್ಡಿಯಲ್ಲಿ ಕೆರೆದರೆ ಒಂದು ಹಿಡಿ ಮಣ್ಣು. ವೆಂಟಿಗೆ ಮುಚ್ಚಳ ಹಾಕಲೇಬಾರದು. ಬಾಯಿಯನ್ನು ಕೆಳಮುಖವಾಗಿ ಬಗ್ಗಿಸಿ ಅಗಲ ಕಣ್ಣಿನ ಸ್ಟೀಲ್ ಜಾಲರಿ ಸುತ್ತಿದರೆ ಸಾಕು. ಪೈಪು ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಒಂದಡಿಯಾದರೂ ಮೇಲಿರಬೇಕು, ಇಲ್ಲದಿದ್ದರೆ ಅಲ್ಲಿಂದಲೇ ನೀರು ಹರಿದುಹೋಗುತ್ತದೆ.

ತಣ್ಣೀರಿನ ಕಡೆಗೇ ಪಂಪು ಇಟ್ಟು ಸೋಲಾರ್ ಟ್ಯಾಂಕಿಗೆ ಒತ್ತಿ ತುಂಬಿದರೆ ಈ ಕೊರತೆಯೇ ಇರುವುದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಆ ಕೆಲಸ ಮಾಡಬಾರದು. ಒತ್ತಡರಹಿತ ಟ್ಯಾಂಕು ತಾಳುವುದು ಮೇಲಿನ ಟ್ಯಾಂಕಿನ ಕೆಲವೇ ಅಡಿ ನೀರಿನ ಭಾರವನ್ನು. ಹತ್ತಡಿ ನೀರು ಅಂದರೂ ಚದರ ಸೆಂಟಿಮೀಟರಿಗೆ 0.3 ಕೆಜಿ ಒತ್ತಡ ಮಾತ್ರ. ಪಂಪು ಕೊಡುವುದು ಒಂದೂವರೆ, ಎರಡು ಕೆಜಿ. ನೀರು ವೆಂಟಿನಿಂದ ಕಾರಂಜಿಯಾಗಿ ಚಿಮ್ಮುತ್ತದೆ, ವೆಂಟ್ ಕಟ್ಟಿದ್ದರೆ ಟ್ಯಾಂಕ್ ಒಡೆಯುತ್ತದೆ. ಪಂಪಿನ ಜಾಗ ಬಿಸಿನೀರು ಹೊರಬರುವ ಕಡೆ ಮಾತ್ರ, ಅದೂ ಬಿಸಿನೀರಿನ ಸೀಲ್ ಇರುವ ಪಂಪು.

ಆ ಪಂಪಿನದೇ ಇನ್ನೊಂದು ಕಿರಿಕಿರಿ. ಅದನ್ನು ನೇರ ತಾರಸಿಯ ಕಾಂಕ್ರೀಟಿಗೆ ನಾಲ್ಕು ಬೋಲ್ಟ್ ಹಾಕಿ ಬಿಗಿದಿದ್ದರು. ಸರಿಯಾಗಿ ಅದರ ಕೆಳಗೆ ಮಲಗುವ ಕೋಣೆ. ಮೊಬೈಲ್ ಆ್ಯಪಿನಲ್ಲಿ ಪಂಪಿನ ಪಕ್ಕ 63 ಡೆಸಿಬೆಲ್, ಕೆಳಗೆ ಕೋಣೆಯಲ್ಲಿ 38. ವಸತಿ ಪ್ರದೇಶಕ್ಕೆ ಕಾನೂನು ಹೇಳುವ ಮಿತಿ ರಾತ್ರಿ 45, ಹಗಲು 55. ಕಾಗದದ ಮೇಲೆ ತಪ್ಪೇನಿಲ್ಲ. ಆದರೂ ಅಲ್ಲಿ ಮಲಗಿದವರಿಗೆ ನಿದ್ದೆ ಹತ್ತುವುದಿಲ್ಲ. ಏಕೆಂದರೆ ಮೋಟಾರಿನ ಗುಂಯ್ 100 ಹರ್ಟ್ಸಿನದು, ಡೆಸಿಬೆಲ್ ‘ಎ’ ಮಾಪನ ಆ ತಗ್ಗು ಸ್ವರಕ್ಕೆ 19 ಡೆಸಿಬೆಲ್ ಕಳೆದೇ ಅಂಕಿ ತೋರಿಸುತ್ತದೆ. ಆ್ಯಪಿನ ಅಂಕಿಯನ್ನು ಪೂರ್ತಿ ನಂಬುವ ಹಾಗೂ ಇಲ್ಲ. ಮೊದಲಿಗೂ ಆಮೇಲಿಗೂ ಇರುವ ವ್ಯತ್ಯಾಸ ನೋಡಲು ಅಡ್ಡಿಯಿಲ್ಲ. ಇಲ್ಲಿ ಬೋಲ್ಟ್ ಬಿಚ್ಚಿ, ಎರಡಡಿ ಉದ್ದದ ಚಪ್ಪಡಿ ಕಲ್ಲಿಗೆ ಪಂಪು ಕೂರಿಸಿ, ಕಲ್ಲಿನ ನಾಲ್ಕು ಮೂಲೆಯ ಕೆಳಗೆ ಒಂದಿಂಚು ದಪ್ಪದ ರಬ್ಬರ್ ಪ್ಯಾಡ್ ಇಟ್ಟೆವು. ಪಂಪಿನ ಎರಡೂ ಬದಿಗೆ ಒಂದಡಿ ಉದ್ದದ, ಬಿಸಿನೀರು ತಾಳುವ ಸ್ಟೀಲ್ ಹೆಣಿಗೆಯ ಹೋಸ್. ಪಂಪಿನಿಂದ ಮೊದಲ ಒಂದು ಮೀಟರ್ ಪೈಪಿಗೆ ಗೋಡೆಯ ಕ್ಲ್ಯಾಂಪ್ ಇಲ್ಲ. ಕೋಣೆಯ ಅಂಕಿ 31ಕ್ಕೆ ಇಳಿಯಿತು. ಥರ್ಮೋಕೋಲ್ ಮೇಲೆ ಪಂಪು ಕೂರಿಸುವವರೂ ಇದ್ದಾರೆ, ಅದು ತಿಂಗಳೊಳಗೆ ಅಪ್ಪಚ್ಚಿ.

ರಾತ್ರಿ ಯಾರೂ ನಲ್ಲಿ ಮುಟ್ಟದಿದ್ದರೂ ನಾಲ್ಕೈದು ನಿಮಿಷಕ್ಕೊಮ್ಮೆ ಪಂಪು ‘ಟಕ್, ಗುಂಯ್, ಟಕ್’ ಎನ್ನುತ್ತದೆ ಎಂಬುದು ಎರಡನೇ ದೂರು. ಪಂಪಿನಿಂದ ಮನೆಗೆ ನೀರು ಹೋಗುವ ಕಡೆಯ ವಾಲ್ವ್ ಮುಚ್ಚಿ ಹತ್ತು ನಿಮಿಷ ಕಾಯಬೇಕು. ಆಗಲೂ ಚಾಲೂ ಆದರೆ ಪಂಪಿನ ಎನ್‌ಆರ್‌ವಿ ಹಾಳು, ಸುಮ್ಮನಾದರೆ ಮನೆಯೊಳಗೆ ಎಲ್ಲೋ ಸೋರಿಕೆ. ಸುಮ್ಮನಾಯಿತು. ಆದರೆ ಯಾವ ನಲ್ಲಿಯೂ ತೊಟ್ಟಿಕ್ಕುತ್ತಿರಲಿಲ್ಲ, ಗೋಡೆಯಲ್ಲಿ ತೇವವಿಲ್ಲ. ಕೊನೆಗೆ ಒಂದನೇ ಮಹಡಿಯ ಬಚ್ಚಲಿನಲ್ಲಿ ತಣ್ಣೀರಿನ ಪೈಪು ಮುಟ್ಟಿದರೆ ಬೆಚ್ಚಗಿದೆ! ಬಿಸಿನೀರು ತಣ್ಣೀರು ಬೆರೆಸುವ ಒಂದೇ ಹಿಡಿಯ ನಲ್ಲಿಯ, ಅಂದರೆ ಮಿಕ್ಸರಿನ, ಒಳಗೆ ನೀರು ತಡೆಯುವ ಕಾರ್ಟ್ರಿಜ್ ಸವೆದು, ಪಂಪಿನ ಒತ್ತಡದ ಬಿಸಿನೀರು ಒತ್ತಡವಿಲ್ಲದ ತಣ್ಣೀರಿನ ಪೈಪಿಗೆ ನುಗ್ಗಿ ಓವರ್‌ಹೆಡ್ ಟ್ಯಾಂಕಿನ ಕಡೆಗೆ ಏರುತ್ತಿತ್ತು. ರಾತ್ರಿಯಿಡೀ ಬಿಸಿನೀರು ಹೀಗೆ ಖಾಲಿಯಾದ್ದರಿಂದಲೇ ‘ಬೆಳಿಗ್ಗೆ ಮೂರನೆಯವರಿಗೆ ಬಿಸಿನೀರೇ ಸಿಗಲ್ಲ’ ಎಂಬ ಗೊಣಗಾಟ. ಮಿಕ್ಸರ್ ತೆರೆದಿಟ್ಟು ಹ್ಯಾಂಡ್‌ಶವರಿನ ಗುಂಡಿಯಲ್ಲೇ ನೀರು ನಿಲ್ಲಿಸುವ ಅಭ್ಯಾಸವಿದ್ದರೂ ಇದೇ ಗತಿ. ಹೊಸ ಕಾರ್ಟ್ರಿಜ್ ಹಾಕಿ, ಮಿಕ್ಸರಿನ ತಣ್ಣೀರಿನ ಕಡೆ ಒಂದು ಸ್ಪ್ರಿಂಗ್ ಎನ್‌ಆರ್‌ವಿ ಕೂರಿಸಿದೆವು. ಬರೀ ಬಿಸಿನೀರಿಗೆ ಪಂಪು ಹಾಕುವ ಪದ್ಧತಿಯೇ ಅರೆಬರೆಯದು. ಹಾಕುವುದಾದರೆ ಬಚ್ಚಲಿಗೆ ಹೋಗುವ ಬಿಸಿನೀರು, ತಣ್ಣೀರು ಎರಡೂ ಲೈನಿಗೆ ಸಮ ಒತ್ತಡ ಕೊಡಬೇಕು.

ಮೂರನೆಯದು ‘ಸುಂಯ್’. ಮೋಡದ ದಿನಗಳಲ್ಲಿ ಟ್ಯಾಂಕಿನೊಳಗಿನ 2 ಕಿಲೋವ್ಯಾಟ್ ಕಾಯಿಲ್ ಹಾಕಿದಾಗ ಮಾತ್ರ. ಇದಕ್ಕೆ ಟ್ಯಾಂಕಿನ ನೀರು ಖಾಲಿ ಮಾಡಬೇಕಾದ್ದರಿಂದ ಸಂಜೆ ಐದೂವರೆಯವರೆಗೆ ಕಾದದ್ದಾಯಿತು. ಬಿಸಿಲಿಗೆ ಕಾದ ಗಾಜಿನ ಕೊಳವೆಗೆ ತಣ್ಣೀರು ತಗುಲಿದರೆ ಪಟ್ಟೆಂದು ಸಿಡಿಯುತ್ತದೆ. ಖಾಲಿ ಕೊಳವೆಯಂತೂ ಬಿಸಿಲಲ್ಲಿ 200 ಡಿಗ್ರಿ ದಾಟುತ್ತದೆ. ಮೊದಲು ಕಾಯಿಲಿನ ಕರೆಂಟು ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಆಮೇಲೆ ಟ್ಯಾಂಕಿನ ನೀರು ಬಿಡಬೇಕು. ಕೊಳವೆಗಳು ಕೆಳಕ್ಕೆ ಇಳಿಬಿದ್ದಿರುವುದರಿಂದ ಅವುಗಳಲ್ಲಿನ ಸುಮಾರು 40 ಲೀಟರ್ ಅಲ್ಲೇ ನಿಲ್ಲುತ್ತದೆ.

ಹೊರಬಂದ ಕಾಯಿಲ್ ಹುರಿದ ಸಂಡಿಗೆಯ ಹಾಗೆ ಬೆಳ್ಳಗೆ ಉಬ್ಬಿತ್ತು. ಸುಣ್ಣದ ಪದರದ ಅಡಿಗೆ ಸಿಕ್ಕ ನೀರು ಅಲ್ಲೇ ಆವಿಯಾಗಿ, ಗುಳ್ಳೆ ಹೊರಬಂದು ತಣ್ಣನೆಯ ನೀರಿಗೆ ತಗುಲಿ ಒಡೆಯುತ್ತದೆ. ಸುಂಯ್ ಎಂದರೆ ಆ ಸಾವಿರಾರು ಗುಳ್ಳೆಗಳ ಸದ್ದು. ಹತ್ತು ಲೀಟರ್ ಬಿಸಿನೀರಿಗೆ ಅರ್ಧ ಕೆಜಿ ನಿಂಬೆ ಉಪ್ಪು ಕರಗಿಸಿ, ವೈರಿನ ತುದಿ ನೆನೆಯದಂತೆ ಕಾಯಿಲ್ ಮುಳುಗಿಸಿದರೆ ನೊರೆ ಬಿಟ್ಟು ಎರಡು ತಾಸಿನಲ್ಲಿ ಕಳಚುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಬೇಡ, ಅದರ ಕ್ಲೋರೈಡ್ ಸ್ಟೀಲಿಗೆ ಸೂಜಿಮೊನೆಯ ತೂತು ಕೊರೆಯುತ್ತದೆ. ಪಕ್ಕದಲ್ಲಿದ್ದ, ಟ್ಯಾಂಕಿನ ಬದಲು ತಾನು ಸವೆದು ಅದನ್ನು ಕಾಯುವ ಮೆಗ್ನೀಸಿಯಂ ಸರಳು ಕರಗಿ ಬರೀ ಒಳತಂತಿ ಉಳಿದಿತ್ತು, ಅದನ್ನೂ ಬದಲಿಸಿದ್ದಾಯಿತು. ಗ್ಯಾಸ್ಕೆಟ್ ಹಳೆಯದನ್ನೇ ಹಾಕಿದರೆ ಸೋರುವುದು ಖಂಡಿತ. ಇದರ ನಡುವೆಯೇ ತಣ್ಣೀರಿಗೆ ಒಂದಿಂಚಿನ ಪೈಪು, ಪೈಪಿನಷ್ಟೇ ಅಗಲಕ್ಕೆ ತೆರೆಯುವ ಬಾಲ್ ವಾಲ್ವ್ ಬಂತು. ಬಕೆಟ್ಟು ಈಗ 25 ಸೆಕೆಂಡಿನಲ್ಲಿ ತುಂಬಿತು. ಟ್ಯಾಂಕ್ ತುಂಬಿ ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಉಗುಳುವುದು ನಿಂತ ಮೇಲೆಯೇ ಕಾಯಿಲಿಗೆ ಕರೆಂಟು.

ಇಷ್ಟಾದರೂ ಒಂದು ಸದ್ದು ಉಳಿಯಿತು. ಶವರ್ ತೆರೆದ ಮೇಲೆ ಎರಡು ನಿಮಿಷ ಗೋಡೆಯಲ್ಲಿ ಟಿಕ್, ಟಿಕ್. 9 ಮೀಟರ್ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪು 35 ಡಿಗ್ರಿ ಬಿಸಿಯೇರಿದರೆ ಸುಮಾರು 20 ಮಿಮೀ ಉದ್ದವಾಗುತ್ತದೆ. ಆ ಉದ್ದ ಬಿಗಿ ಕ್ಲ್ಯಾಂಪಿನಲ್ಲಿ ತಡೆದು ತಡೆದು ಜಾರುತ್ತದೆ. ಪೈಪುಗಳು ಇಳಿಯುವ ಡಕ್ಟಿನಲ್ಲಿ ಕೈಗೆ ಸಿಕ್ಕ ಕ್ಲ್ಯಾಂಪುಗಳನ್ನೆಲ್ಲ ಸಡಿಲಿಸಿ, ಪೈಪಿಗೆ ಫೋಮ್ ತೋಳು ತೊಡಿಸಿದೆವು. ಒಂದನೇ ಮಹಡಿಯ ಬಚ್ಚಲಲ್ಲಿ ಮಾತ್ರ ಪೈಪನ್ನು ಸಿಮೆಂಟಿನಲ್ಲಿ ಹೂತು ಮೇಲೆ ಟೈಲ್ಸ್ ಅಂಟಿಸಿದ್ದಾರೆ. ಅದನ್ನು ಒಡೆಯುವುದು ಬೇಡವೆಂದೆವು, ಅಜ್ಜಿಯೂ ಬೇಡವೆಂದರು.