ಮಂಜೇಶ್ವರದಿಂದ ನೀಲೇಶ್ವರಕ್ಕೆ, ಕಿವಿ ತೆರೆದು

ಕಾಸರಗೋಡಿನ ಕಡೆಗೆ ಹಾಡು ಹುಡುಕಿಕೊಂಡು ಬರುವವರು ಜನವರಿಯಿಂದ ಮಾರ್ಚಿನೊಳಗೆ ಬರಬೇಕು. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ. ತುಲಾ ಮಾಸದ ಹತ್ತಕ್ಕೆ ತೆಂಕಣ ಕಾವುಗಳಲ್ಲಿ, ಅಂದರೆ ದೈವದ ಬನಗಳಲ್ಲಿ, ತೆಯ್ಯಂ ಎಂಬ ದೈವದ ಕುಣಿತ ತೊಡಗಿರುತ್ತದೆ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ವಾರದಲ್ಲಿ, ಪತ್ತನಾಜೆ. ಅಂದು ಬಿಚ್ಚಿಟ್ಟ ಗೆಜ್ಜೆಯನ್ನು ಬಯಲಾಟದವರು ಮತ್ತೆ ಕಟ್ಟುವುದು ಮಳೆಗಾಲ ಕಳೆದ ಮೇಲೆಯೇ. ಜೂನಿನಲ್ಲಿ ಬಂದವರಿಗೆ ಹಸಿರು ಬೇಕಾದಷ್ಟು ಸಿಗುತ್ತದೆ. ಆಗ ತಾಳಮದ್ದಳೆಯೂ ಉಂಟು, ಆದರೆ ಅದು ಮುಖ್ಯವಾಗಿ ಮಾತಿನ ಕಲೆ. ಚೆಂಡೆಯ ನಿಜವಾದ ಬಿರುಸು ಬೇಕಾದರೆ ಒಣ ಹವೆಯೇ ಬೇಕು.

ಈ ಸಲದ ದಾರಿ ಮಂಜೇಶ್ವರದಿಂದ ನೀಲೇಶ್ವರದವರೆಗೆ, ಮೂರು ದಿನ. ತಂಡದಲ್ಲಿ ಹಾಡು ಬರೆಯುವವರು ಒಬ್ಬರು, ಗಿಟಾರಿನವರು ಒಬ್ಬರು, ಲ್ಯಾಪ್‌ಟಾಪಿನಲ್ಲಿ ಸದ್ದು ಜೋಡಿಸುವವರು ಒಬ್ಬರು, ಚಿತ್ರ ಬರೆಯುವವರು ಒಬ್ಬರು. ಸಾಮಾನು ಕಡಿಮೆ: ಕೈಯಲ್ಲಿ ಹಿಡಿಯುವ ರೆಕಾರ್ಡರ್ ಒಂದು, ಅದಕ್ಕೆ ತುಪ್ಪಳದ ಗಾಳಿಕವಚ, ಮುಚ್ಚಿದ ಹೆಡ್‌ಫೋನ್, ಬದಲಿ ಸೆಲ್ಲುಗಳು, ಚೀಲದೊಳಗೆ ನಾಲ್ಕು ಪೊಟ್ಟಣ ಸಿಲಿಕಾ ಜೆಲ್. ಕಡಲ ಕರೆಯ ತೇವ ಮೈಕಿನೊಳಗೆ ಕೂತರೆ ಸಣ್ಣಗೆ ಚಟಪಟ ಸದ್ದು ಶುರುವಾಗುತ್ತದೆ, ಆಮೇಲೆ ಅದನ್ನು ತೆಗೆಯಲು ಬರುವುದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊದಲ್ಲಿ ಹಿಡಿದರೆ ಗಂಟೆಗೆ ಒಂದು ಜಿಬಿಗಿಂತ ಸ್ವಲ್ಪ ಹೆಚ್ಚು ಜಾಗ ಬೇಕು. ಇಡೀ ರಾತ್ರಿಯ ಆಟಕ್ಕೆ ಎಂಟೂವರೆ ಜಿಬಿ ಎಂದು ಲೆಕ್ಕ ಹಾಕಿ 32 ಜಿಬಿಯ ಎರಡು ಕಾರ್ಡ್ ಇಟ್ಟುಕೊಂಡರೆ ನೆಮ್ಮದಿ.

ಮಂಜೇಶ್ವರದಲ್ಲಿ ಮೊದಲು ಹೋಗಬೇಕಾದದ್ದು ಗೋವಿಂದ ಪೈಗಳ ಮನೆಗೆ, ಈಗ ಗಿಳಿವಿಂಡು ಎಂದು ಕರೆಯುವ ಸ್ಮಾರಕಕ್ಕೆ. 1949ರಲ್ಲಿ ಮದರಾಸು ಸರ್ಕಾರ ರಾಷ್ಟ್ರಕವಿ ಎಂದು ಗೌರವಿಸಿದ್ದು ಅವರನ್ನು. ಹಾಡು ಬರೆಯುವವರಿಗೆ ಮುಖ್ಯವಾದದ್ದು ಅದಕ್ಕಿಂತ ಹಿಂದಿನ ಸಂಗತಿ: 1911ರಲ್ಲಿ ಅವರು ಆದಿಪ್ರಾಸವನ್ನು ಬಿಟ್ಟು ಬರೆದರು. ಸಾಲು ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬ ಕಟ್ಟು ಕನ್ನಡದಲ್ಲಿ ನೂರಾರು ವರ್ಷ ನಡೆದುಬಂದದ್ದು. ‘ಕಡಲ’ ಎಂದು ಒಂದು ಸಾಲು ಎತ್ತಿದರೆ ಮುಂದಿನದು ‘ಒಡಲ’ ಎಂದೋ ‘ಬಿಡದೆ’ ಎಂದೋ ಏಳಬೇಕು. ಅದನ್ನು ಬಿಡುವುದಕ್ಕೆ ಆಗ ಎದೆಗಾರಿಕೆ ಬೇಕಿತ್ತು.

ಅಲ್ಲಿಂದ ತೆಂಕಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಮೊಗ್ರಾಲ್. ಮಾಪ್ಪಿಳರ, ಅಂದರೆ ಮಲಬಾರಿನ ಮುಸ್ಲಿಮರ, ಹಾಡಿನ ಊರು; ಇಶಲ್ ಗ್ರಾಮ ಎಂದೇ ಹೆಸರು. ಇಶಲ್ ಎಂದರೆ ಮಟ್ಟು. ಮಾಪ್ಪಿಳ ಹಾಡಿನಲ್ಲಿ ಕಂಬಿ, ಕಳುತ್ತು, ವಾಲ್ಕಂಬಿ, ವಾಲ್ತಲಕಂಬಿ ಎಂದು ಪ್ರಾಸದ ಕಟ್ಟುಗಳುಂಟು. ಕಳುತ್ತು ಎಂದರೆ ಕೊರಳು. ಸಾಲಿನ ಎರಡನೆಯ ಅಕ್ಷರದ ಪ್ರಾಸವೇ ಅದು, ನಮ್ಮ ಆದಿಪ್ರಾಸದ ಒಡಹುಟ್ಟು. ಮಂಜೇಶ್ವರದ ಕವಿ ಕೈಬಿಟ್ಟದ್ದನ್ನು ಮೊಗ್ರಾಲಿನ ಹಾಡುಗಾರರು ಜತನವಾಗಿ ಉಳಿಸಿಕೊಂಡಿದ್ದಾರೆ. ಎರಡೂ ಒಂದೇ ರೈಲು ದಾರಿಯ ಮೇಲೆ, ಮುಕ್ಕಾಲು ಗಂಟೆಯೊಳಗೆ. ತಳಂಗರೆಯ ಟಿ. ಉಬೈದ್ (1908–1972) ಕನ್ನಡದಲ್ಲಿ ಓದಿ ಮಾಪ್ಪಿಳ ಹಾಡಿಗಾಗಿ ದುಡಿದವರು. ಎರಡು ಭಾಷೆಯ ಕಿವಿ ಒಬ್ಬರಲ್ಲೇ ಇರುವುದು ಈ ನೆಲದಲ್ಲಿ ಹೊಸತಲ್ಲ.

ಇದರಿಂದ ಈಗಿನವರಿಗೆ ಆಗುವ ಉಪಯೋಗ ನೇರವಾದದ್ದು. ರ‍್ಯಾಪ್ ಕಟ್ಟುವ ಹುಡುಗರೆಲ್ಲ ಅಂತ್ಯಪ್ರಾಸಕ್ಕೆ ಜೋತುಬೀಳುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ಬಂದೆ, ನಿಂದೆ, ಅಂದೆ’ ಎಂಬ ಪ್ರಾಸ ತಾನಾಗಿ ಬಿದ್ದುಬಿಡುತ್ತದೆ, ನಾಲ್ಕು ಸಾಲಿನೊಳಗೆ ಕೇಳುವವರಿಗೆ ಬೇಸರ. ಎರಡನೆಯ ಅಕ್ಷರದ ಪ್ರಾಸ ಸೇರಿಸಿದರೆ ಸಾಲಿಗೆ ಎರಡೂ ತುದಿಯಲ್ಲಿ ತೂಕ ಬರುತ್ತದೆ. ಒಂದು ಎಚ್ಚರಿಕೆ: ಎಡುಪು, ಅಂದರೆ ಹಾಡು ಎತ್ತುವ ಜಾಗ, ತಾಳದ ಮೊದಲ ಪೆಟ್ಟಿನ ಮೇಲೆಯೇ ಇರಬೇಕು. ಅರ್ಧ ಮಾತ್ರೆ ಬಿಟ್ಟು ಎತ್ತಿದರೆ ಪ್ರಾಸಾಕ್ಷರ ಪೆಟ್ಟುಗಳ ನಡುವೆ ಜಾರಿ ಕಿವಿಗೆ ಸಿಗುವುದೇ ಇಲ್ಲ. ವಾಲ್ತಲಕಂಬಿಯೂ ಕಲಿಯತಕ್ಕದ್ದು. ಒಂದು ಸಾಲಿನ ಬಾಲದ ಪದವೇ ಮುಂದಿನ ಸಾಲಿನ ತಲೆಯಾಗುತ್ತದೆ, ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಅದೇ ಹೇಳಿಕೊಡುತ್ತದೆ.

ಸಂಜೆಗೆ ಕುಂಬಳೆ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು, ಕಣಿಪುರ ಗೋಪಾಲಕೃಷ್ಣನ ಸನ್ನಿಧಿ. ಬಯಲಾಟ ಎಲ್ಲಿದೆ ಎಂದು ಪೇಟೆಯ ಗೋಡೆಯ ಪೋಸ್ಟರುಗಳೇ ಹೇಳುತ್ತವೆ. ಆಟಕ್ಕೆ ಬೇಗ ಹೋಗಬೇಕು, ವೇಷಧಾರಿಗಳು ಬಣ್ಣ ಹಚ್ಚುವ ಚೌಕಿಯಲ್ಲಿ ಮದ್ದಳೆ ಶ್ರುತಿ ಮಾಡುವುದನ್ನು ನೋಡಲಿಕ್ಕಾದರೂ. ಭಾಗವತರು ‘ಕಪ್ಪು ಎರಡು’ ಎಂದರೆ ಹಾರ್ಮೋನಿಯಂನ ಎರಡನೆಯ ಕಪ್ಪು ಮನೆ, ಗಿಟಾರಿನವರ ಲೆಕ್ಕದಲ್ಲಿ ಡಿ ಶಾರ್ಪ್. ‘ಕಪ್ಪು ಮೂರು’ ಎಂದರೆ ಎಫ್ ಶಾರ್ಪ್. ಗಿಟಾರಿನವರು ತಂತಿ ಒತ್ತಿಹಿಡಿಯುವ ಕಾಪೊ ಹಾಕಿ ಹೊಂದಿಸಿಕೊಳ್ಳಬಹುದು, ಆದರೆ ರಾತ್ರಿಯ ತೇವಕ್ಕೆ ಮದ್ದಳೆಯ ಚರ್ಮ ಸಡಿಲವಾದರೆ ಶ್ರುತಿ ಇಳಿಯುತ್ತದೆ, ನಡುವೆ ಮತ್ತೆ ಏರಿಸುತ್ತಾರೆ. ಆದ್ದರಿಂದ ಒಂದೇ ಆಟದ ಹತ್ತು ಗಂಟೆಯ ಪದವನ್ನೂ ಮೂರು ಗಂಟೆಯ ಪದವನ್ನೂ ಅಂಟಿಸಲು ಹೋದರೆ ಹೊಂದುವುದಿಲ್ಲ. ಪ್ರತಿ ಪದದ ಮೊದಲು ಶ್ರುತಿಯ ಹತ್ತು ಸೆಕೆಂಡು ಹಿಡಿದಿಟ್ಟರೆ ಮುಂದೆ ಹೋಲಿಸಲು ಬರುತ್ತದೆ.

ಚೆಂಡೆಗೆ ಹಲಸಿನ ಮರದ ಕಳಸೆ, ಹಸುವಿನ ಚರ್ಮ, ಸುಮಾರು ಎರಡಡಿ ಎತ್ತರ. ಎದುರಿಗೆ ಕೂತು ಮೈಕ್ ಹಿಡಿದವರ ರೆಕಾರ್ಡಿಂಗ್ ಒಡೆದಿರುತ್ತದೆ. ಕೋಲಿನ ಮೊದಲ ಪೆಟ್ಟು ಮೀಟರಿನ ಮುಳ್ಳಿಗಿಂತ ವೇಗ, ಮುಳ್ಳು ಏರುವಷ್ಟರಲ್ಲಿ ಸದ್ದು ಕತ್ತರಿಸಿ ಹೋಗಿರುತ್ತದೆ. ಮೂರು ನಾಲ್ಕು ಮೀಟರ್ ದೂರ, ಕೂತವರ ತಲೆಗಿಂತ ಎತ್ತರದಲ್ಲಿ ರೆಕಾರ್ಡರ್ ಇಟ್ಟು, ಬಿಡ್ತಿಗೆ ಎಂಬ ಅಬ್ಬರದ ಚೆಂಡೆ ನುಡಿತದಲ್ಲೂ ಮೈನಸ್ 12 ಡೆಸಿಬಲ್ ದಾಟದ ಹಾಗೆ ಮಟ್ಟ ಇಳಿಸಬೇಕು. ಧ್ವನಿವರ್ಧಕದ ಮುಂದೆ ನಿಲ್ಲಬಾರದು. ಜನರೇಟರಿನ ಪಕ್ಕವೂ ಬೇಡ, 50 ಹರ್ಟ್ಸಿನ ಗುಂಯ್ ಎಂಬ ಸದ್ದು ಚೆಂಡೆಯ ತಳದ ನಾದವನ್ನೇ ತಿನ್ನುತ್ತದೆ.

ಲ್ಯಾಪ್‌ಟಾಪಿನವರು ಎಡವುವುದು ತಾಳದಲ್ಲಿ. ನಾಲ್ಕು ನಾಲ್ಕರ ಮನೆ ತೆರೆದಿಟ್ಟು ಅದರೊಳಗೆ ಪದವನ್ನು ತುರುಕುತ್ತಾರೆ. ತ್ರಿವುಡೆಗೆ ಏಳು, ಝಂಪೆಗೆ ಹತ್ತು, ಅಷ್ಟಕ್ಕೆ ಹದಿನಾಲ್ಕು. ತ್ರಿವುಡೆಯ ಪದವಾದರೆ ಸಾಫ್ಟ್‌ವೇರಿನಲ್ಲಿ ಏಳರ ಮನೆಯನ್ನೇ ಹಾಕಬೇಕು, ಮೂರು ಎರಡು ಎರಡಾಗಿ ಒಡೆದುಕೊಂಡು. ಅದಾದರೂ ಸಾಲದು. ಭಾಗವತರು ವಿಳಂಬದಲ್ಲಿ ಎತ್ತಿದ ಪದ ಏರುತ್ತಾ ಹೋಗುತ್ತದೆ, ವೇಷಧಾರಿಯ ಕುಣಿತ ನೋಡಿ ನಿಲ್ಲುತ್ತದೆ, ಮತ್ತೆ ಏರುತ್ತದೆ. ಸ್ಥಿರವಾದ ಕ್ಲಿಕ್, ಅಂದರೆ ಒಂದೇ ವೇಗದ ಎಣಿಕೆಯ ಸದ್ದು, ಇಟ್ಟರೆ ಎಂಟನೆಯ ಆವರ್ತಕ್ಕೆ ಎರಡೂ ಬೇರೆ ಬೇರೆ ಊರಿಗೆ ಹೋಗಿರುತ್ತವೆ. ಆವರ್ತದ ಮೊದಲ ಪೆಟ್ಟುಗಳನ್ನು ಕೈಯಿಂದ ಒಂದೊಂದಾಗಿ ಗುರುತು ಮಾಡಿ, ಲಯದ ನಕ್ಷೆಯನ್ನು ಹಾಡಿನಿಂದಲೇ ತೆಗೆಯಬೇಕು. ಡ್ರಮ್ ಅದನ್ನು ಹಿಂಬಾಲಿಸಬೇಕು. ಹತ್ತು ನಿಮಿಷದ ಪದಕ್ಕೆ ಒಂದು ಮಧ್ಯಾಹ್ನದ ಕೆಲಸ. ಇದನ್ನು ಮಾಡದೆ ಪದವನ್ನು ಹಿಗ್ಗಿಸಿ ಕುಗ್ಗಿಸಿ ಕ್ಲಿಕ್ಕಿಗೆ ಕೂರಿಸಿದ ಫ್ಯೂಷನ್‌ಗಳಲ್ಲಿ ಯಕ್ಷಗಾನದ ಜೀವವೇ ಇರುವುದಿಲ್ಲ, ಕೇಳಿದರೆ ಸಂಕಟವಾಗುತ್ತದೆ.

ಎರಡನೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಬದಿಯಡ್ಕ, ಪೆರ್ಲ, ಎಣ್ಮಕಜೆಯ ಕಡೆ. ಮುರಕಲ್ಲಿನ ಗುಡ್ಡಗಳಿಗೆ ಅಡ್ಡಲಾಗಿ ಕೊರೆದ ಸುರಂಗಗಳ ಸೀಮೆ ಇದು. ಬಾವಿಯನ್ನು ಕೆಳಕ್ಕೆ ತೋಡದೆ ಗುಡ್ಡದೊಳಕ್ಕೆ ಅಡ್ಡ ತೋಡಿ ನೀರನ್ನು ಇಳಿಜಾರಿನಲ್ಲಿ ಅಂಗಳಕ್ಕೆ ತಂದವರು ಇಲ್ಲಿಯ ಕೃಷಿಕರು. ಅಗಲ ಅರ್ಧ ಮೀಟರಿನಿಂದ ಮುಕ್ಕಾಲು ಮೀಟರಿನೊಳಗೆ, ಎತ್ತರ ಎರಡು ಮೀಟರಿಗಿಂತ ಸ್ವಲ್ಪ ಕಡಿಮೆ, ಒಬ್ಬರು ನಡೆಯುವಷ್ಟೇ. ಉದ್ದ ಮಾತ್ರ ನೂರಾರು ಅಡಿಯೂ ಇರುತ್ತದೆ. ಮನೆಯವರನ್ನು ಕೇಳದೆ ಬಾಯಿಯ ಹತ್ತಿರವೂ ಹೋಗಬಾರದು, ಅದು ಅವರ ಕುಡಿಯುವ ನೀರು. ತೋಡುವವರು ಮೋಂಬತ್ತಿ ಹಿಡಿದು ಹೋಗುವ ಕ್ರಮ ಇಂದಿಗೂ ಸರಿ. ದೀಪ ಮಂಕಾದರೆ ಗಾಳಿ ಸಾಲದು, ಹಿಂದಿರುಗಬೇಕು. ಬಾವಲಿಗಳಿದ್ದರೆ ಹೊರಗಿನಿಂದಲೇ ಕೇಳಿ ಬರುವುದು ಒಳ್ಳೆಯದು.

ಸದ್ದಿನ ಕೆಲಸದವರಿಗೆ ಸುರಂಗ ಒಂದು ಪಾಠಶಾಲೆ. ಬಾಯಿಯಿಂದ ಐದಾರು ಮೀಟರ್ ಒಳಗೆ ರೆಕಾರ್ಡರ್ ಇಟ್ಟು, ಎರಡು ಮರದ ತುಂಡುಗಳನ್ನು ಒಮ್ಮೆ ತಟ್ಟಿ, ಸದ್ದು ಪೂರ್ತಿ ಅಡಗುವವರೆಗೆ ಉಸಿರು ಬಿಗಿಹಿಡಿದು ನಿಲ್ಲಬೇಕು. ಹೀಗೆ ಐದು ಸಲ. ಆ ಸದ್ದನ್ನು ಕನ್ವಲ್ಯೂಷನ್ ರಿವರ್ಬಿಗೆ, ಅಂದರೆ ಒಂದು ಜಾಗದ ಅನುರಣನವನ್ನು ಬೇರೆ ಸದ್ದಿಗೆ ತೊಡಿಸುವ ಸಾಫ್ಟ್‌ವೇರಿಗೆ, ಕೊಟ್ಟರೆ ಹಾಡಿದ ಕೊರಳು ಸುರಂಗದೊಳಗೆ ಹೋಗಿ ಕೂರುತ್ತದೆ. ಮೊದಲ ಪ್ರಯತ್ನದಲ್ಲಿ ಅದು ಡಬ್ಬದೊಳಗಿನ ದನಿಯಂತೆ ಕೇಳಿಸುತ್ತದೆ. ಕಾರಣ ಗೋಡೆಗಳ ಸಾಮೀಪ್ಯ: ಅರುವತ್ತು ಸೆಂಟಿಮೀಟರ್ ಅಂತರದ ಎರಡು ಗೋಡೆಗಳ ನಡುವೆ 290 ಹರ್ಟ್ಸಿನ ಸುತ್ತಮುತ್ತಲ ಸ್ವರ ತಾನೇ ತಾನಾಗಿ ಉಬ್ಬುತ್ತದೆ, ಮಾತಿನ ದನಿಯ ಮೈ ಇರುವುದೂ ಅಲ್ಲೇ. ಅಷ್ಟನ್ನು ನಾಲ್ಕೈದು ಡೆಸಿಬಲ್ ಇಳಿಸಿದರೆ ಹನಿ ಬೀಳುವ ಸದ್ದೂ ಮಾತೂ ಬೇರೆ ಬೇರೆಯಾಗಿ ಕೇಳುತ್ತವೆ.

ಇದೇ ಎಣ್ಮಕಜೆಯ ಗೇರು ತೋಟಗಳ ಮೇಲೆ 2000ನೆಯ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಗಿತ್ತು. ಅದರ ನೋವಿನಿಂದ ಚಿತ್ರ, ನಾಟಕ, ಹಾಡು ಎಲ್ಲವೂ ಹುಟ್ಟಿವೆ, ಮುಂದೆಯೂ ಹುಟ್ಟಬೇಕು. ಆದರೆ ಹಾಸಿಗೆ ಹಿಡಿದ ಮಕ್ಕಳ ಮುಖವನ್ನು ಆಲ್ಬಂ ಹೊದಿಕೆಗೆ ತೆಗೆಯುವುದು ಕೂಡದು. ಚಿತ್ರ ಬರೆಯುವವರು ಇಲ್ಲಿ ಗೇರು ಮರದ ನೆರಳನ್ನು, ಮುಚ್ಚಿದ ಬಾವಿಯ ಚಪ್ಪರವನ್ನು ಬರೆದುಕೊಂಡರು. ಅಷ್ಟೇ ಸಾಕು.

ಗುಡ್ಡದ ಆಚೆ, ವೆಳ್ಳರಿಕುಂಡು ತಾಲೂಕಿನ ಮಾವಿಲ ಮತ್ತು ವೇಟ್ಟುವ ಬುಡಕಟ್ಟಿನವರ ಮಂಗಲಂಕಳಿಯನ್ನೂ ಕೇಳಬೇಕು. ಮದುವೆಯ ಕುಣಿತ, ತುಡಿಯ ಲಯ, ತುಳು ಬೆರೆತ ಹಾಡು, ಅದೂ ಮಲಯಾಳದ ನಟ್ಟನಡುವೆ. 2025ರ ಜನವರಿಯಲ್ಲಿ ಕೇರಳ ಶಾಲಾ ಕಲೋತ್ಸವಕ್ಕೆ ಇದು ಸ್ಪರ್ಧೆಯಾಗಿ ಸೇರಿತು. ಶಾಲೆಯ ಮಕ್ಕಳು ಕಲಿಯತೊಡಗಿದ್ದು ಸಂತೋಷವೇ. ಆದರೆ ಸ್ಪರ್ಧೆಗೆ ಹೊತ್ತಿನ ಮಿತಿಯಿರುತ್ತದೆ. ರಾತ್ರಿಯೆಲ್ಲ ನಿಧಾನವಾಗಿ ಏರುವ ಲಯ ಬೇಕಾದವರು ಊರಿಗೇ ಹೋಗಬೇಕು.

ಬೇಕಲಕ್ಕೆ ಎಲ್ಲರೂ ವಿಡಿಯೊ ತೆಗೆಯಲು ಹೋಗುತ್ತಾರೆ. ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆ, ಮುರಕಲ್ಲಿನ ಗೋಡೆ, ಮೂರು ದಿಕ್ಕಿಗೂ ಕಡಲು. ಸ್ಟ್ಯಾಂಡ್ ಹೂಡಿ ಚಿತ್ರೀಕರಿಸಲು ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಗಾಳಿ ಎಷ್ಟೆಂದರೆ ತುಪ್ಪಳವಿದ್ದರೂ 80 ಹರ್ಟ್ಸಿನ ಕೆಳಗಿನದನ್ನು ಕತ್ತರಿಸಬೇಕು. ಕಡಲಿನ ಸದ್ದು ಬೇಕಾದರೆ ಗೋಡೆಯ ತೂತುಗಳ ಹಿಂದೆ ನಿಲ್ಲುವುದು ಮೇಲು, ಅಲ್ಲಿ ಗಾಳಿ ತಡೆದು ಅಲೆ ಮಾತ್ರ ಒಳಗೆ ಬರುತ್ತದೆ.

ಚಂದ್ರಗಿರಿ ಹೊಳೆಯ ಬಡಗಿಗೆ ಭೂತಕೋಲ, ತೆಂಕಿಗೆ ತೆಯ್ಯಂ. ಗೆರೆ ಕೊಯ್ದ ಹಾಗೇನೂ ಅಲ್ಲ. ಕುಂಬಳೆಯ ಆರಿಕ್ಕಾಡಿಯಲ್ಲಿ ಆಲಿ ಭೂತವೆಂದು ಮುಸ್ಲಿಂ ಹೆಸರಿನ ದೈವವೂ ಉಂಟು. ಮೂರನೆಯ ದಿನ ನೀಲೇಶ್ವರದ ಒಂದು ಕಾವಿನಲ್ಲಿ ಕಳಿಯಾಟ, ಅಂದರೆ ತೆಯ್ಯಂ ಉತ್ಸವ. ಬರಿಯ ಬೆಳಗಿನ ತೆಯ್ಯಂ ನೋಡಲು ಬರುವವರಿಗೆ ಹಾಡು ಕೇಳಿಸುವುದೇ ಇಲ್ಲ, ಚೆಂಡೆ ಎಲ್ಲವನ್ನೂ ಮುಳುಗಿಸುತ್ತದೆ. ಹಿಂದಿನ ಸಂಜೆ, ದೈವದ ಕಥೆ ಹಾಡುವ ತೋಟ್ಟಂ ಹೊತ್ತಿಗೆ ಹೋದರೆ ಬಣ್ಣ ಕಡಿಮೆ, ತುಳುವಿನ ಕಥನಗೀತೆಯಾದ ಪಾಡ್ದನದ ಬಂಧುವಿನಂಥ ಕಥನ ಸ್ಪಷ್ಟ. ಪದ ಬೇಕಾದವರಿಗೆ ಸಂಜೆ, ಬಣ್ಣ ಬೇಕಾದವರಿಗೆ ನಡುರಾತ್ರಿಯ ಅಣಿಯರ, ಅಂದರೆ ಬಣ್ಣ ಹಚ್ಚುವ ಮನೆ.

ಅಣಿಯರದೊಳಗೆ ಕರೆಯದೆ ಕಾಲಿಡಬಾರದು. ಕರೆದರೆ ಚಪ್ಪಲಿ ಹೊರಗೆ, ಫ್ಲ್ಯಾಶ್ ಬಂದ್. ಮಲಗಿದವರ ಮುಖಕ್ಕೆ ತಲೆಯ ಕಡೆಯಿಂದ ಬಾಗಿ, ತೆಂಗಿನ ಗರಿಯ ಕಡ್ಡಿಯಿಂದ ಗೆರೆ ಬರೆಯುತ್ತಾರೆ. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ದೀಪದ ಮಸಿ. ಕಡ್ಡಿಯ ಗೆರೆಗೆ ಕುಂಚದ ಗೆರೆಯಂತೆ ದಪ್ಪ ತೆಳುವಿನ ಬಳುಕು ಇರುವುದಿಲ್ಲ. ಆದ್ದರಿಂದ ಚಂದವೆಲ್ಲ ಗೆರೆಗಳ ನಡುವಿನ ಅಂತರದಲ್ಲಿ. ಪೋಸ್ಟರಿನವರು ಕಂಪ್ಯೂಟರಿನ ಕುಂಚದಿಂದ ತೆಯ್ಯಂ ಬರೆದಾಗ ಅದು ತೆಯ್ಯಂ ಅನ್ನಿಸದಿರುವುದು ಇದಕ್ಕೇ. ಒಂದೇ ದಪ್ಪದ ಗೆರೆ ಇಟ್ಟುಕೊಂಡು ಅಂತರ ಬದಲಿಸಿ ನೋಡಿ, ಕೂಡಲೇ ಹತ್ತಿರ ಬರುತ್ತದೆ. ಅರದಾಳದಲ್ಲಿ ಪಾಷಾಣದ ಅಂಶ, ಇಂಗಳೀಕದಲ್ಲಿ ಪಾದರಸ ಉಂಟು. ಮನೆಯಲ್ಲಿ ಪ್ರಯೋಗ ಮಾಡುವವರು ನೀರುಬಣ್ಣ ಬಳಸಿಕೊಳ್ಳಿ.

ಇನ್ನು ಹಕ್ಕಿನ ಮಾತು. ಪಾಡ್ದನ ಯಾರದ್ದೂ ಅಲ್ಲ, ಹಳೆಯದು, ಎಂದು ಹೇಳಿ ಹಾಡಿದವರ ಹೆಸರು ಬಿಡುವುದು ಅನ್ಯಾಯ. ಹಾಡು ಹಳೆಯದಿರಬಹುದು, ಹಾಡಿದ ಆ ಹೊತ್ತು ಹಾಡಿದವರದ್ದು. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಪ್ರದರ್ಶಕರಿಗೆ 50 ವರ್ಷದ ಹಕ್ಕುಂಟು. ಒಪ್ಪಿಗೆಯನ್ನು ಅವರ ಭಾಷೆಯಲ್ಲೇ, ತುಳುವಿನಲ್ಲೋ ಮಲಯಾಳದಲ್ಲೋ, ರೆಕಾರ್ಡಿಂಗಿನ ಆರಂಭದಲ್ಲೇ ಮಾತಾಡಿಸಿ ಹಿಡಿದಿಡಿ: ಎಲ್ಲಿ ಬಳಸುತ್ತೇವೆ, ಹಣ ಬಂದರೆ ಎಷ್ಟು ಪಾಲು, ಯಾವುದನ್ನು ಬಳಸಬಾರದು. ಕಾವಿನ ಕೆಲವು ಪದಗಳನ್ನು ಹೊರಗೆ ಹಾಡುವಂತಿಲ್ಲ ಎಂದು ಅವರು ಹೇಳಿದರೆ ಅಲ್ಲಿಗೆ ಮುಗಿಯಿತು.

ಮರಳುವ ರೈಲಿನಲ್ಲಿ ಮಾಡುವ ಕೆಲಸ ಕಡತಗಳಿಗೆ ಹೆಸರಿಡುವುದು. ಊರು, ತಾರೀಕು, ಹಾಡಿದವರ ಹೆಸರು, ಭಾಷೆ, ತಾಳ, ಶ್ರುತಿ, ಒಪ್ಪಿಗೆ ಇದೆಯೋ ಇಲ್ಲವೋ. ಮನೆಗೆ ಹೋಗಿ ಮಾಡೋಣ ಎಂದರೆ ವಾರ ಕಳೆದು ಎರಡು ತೋಟ್ಟಂಗಳಲ್ಲಿ ಯಾವುದು ಯಾವುದೆಂದು ತಿಳಿಯದು. ಶಿರಿಯ ಹೊಳೆಯ ಸೇತುವೆ ಬರುವ ಹೊತ್ತಿಗೆ ಕೊನೆಯ ಕಡತಕ್ಕೂ ಹೆಸರು ಬಿದ್ದಿತ್ತು. ಒಂದರ ಪ್ರತಿಯನ್ನು ಹಾಡಿದ ಅಜ್ಜಿಯ ಮೊಮ್ಮಗನ ಫೋನಿಗೆ ಕಳುಹಿಸಿಯೂ ಆಗಿತ್ತು.