ರೀಲ್ಸ್‌ನಲ್ಲಿ ‘ಜಾಹೀರಾತು’ ಅಂತ ಎಲ್ಲಿ ಬರೀಬೇಕು, ಎಷ್ಟು ಹೊತ್ತು ಇರಬೇಕು

ಗಾಣದ ಎಣ್ಣೆಯ ಒಂದು ರೀಲ್ಸ್ ಅಂದುಕೊಳ್ಳಿ. 45 ಸೆಕೆಂಡಿನದು. ಮರದ ಗಾಣ ತಿರುಗುತ್ತದೆ, ಕಡಲೆಕಾಯಿ ಎಣ್ಣೆ ಡಬರಿಗೆ ಸುರಿಯುತ್ತದೆ, ‘ನಮ್ಮನೇಲಿ ಈಗ ಅಡುಗೆಗೆ ಇದೇ ಎಣ್ಣೆ’ ಅನ್ನುವ ದನಿ. ಆರ್ಡರ್ ಮಾಡುವ ಲಿಂಕ್ ಪ್ರೊಫೈಲ್‌ನಲ್ಲಿದೆ. ಕ್ಯಾಪ್ಷನ್ ಪೂರ್ತಿ ತೆರೆದು, ಕೆಳಗಿನವರೆಗೂ ಜಾರಿಸಿಕೊಂಡು ಹೋದರೆ, ಹ್ಯಾಶ್‌ಟ್ಯಾಗ್‌ಗಳ ಗುಂಪಿನ ಕೊನೆಗೆ ಇಂಗ್ಲಿಷಿನಲ್ಲಿ ‘ಆ್ಯಡ್’ ಅಂತ ಎರಡೇ ಅಕ್ಷರ. ಕೇಳಿದರೆ ‘ಹಾಕಿದೀವಲ್ಲ ಸಾರ್’ ಅನ್ನುತ್ತಾರೆ.

ಹಾಕಿದ್ದಾರೆ, ನಿಜ. ಆದರೆ ಎಣ್ಣೆ ತರಿಸಬೇಕೋ ಬೇಡವೋ ಅಂತ ನೋಡುವವರು ಮನಸ್ಸು ಮಾಡುವ ಹೊತ್ತಿನಲ್ಲಿ ಆ ಮಾತು ಅವರ ಕಣ್ಣಿಗೆ ಬಿದ್ದಿಲ್ಲ. ಸೋಷಿಯಲ್ ಮೀಡಿಯಾದಲ್ಲಿ ಪ್ರಾಮಾಣಿಕತೆ, ಪಾರದರ್ಶಕತೆ ಅಂತ ಎಷ್ಟು ಬೇಕಾದರೂ ಭಾಷಣ ಮಾಡಬಹುದು. ದುಡ್ಡು ತಗೊಂಡು ಮಾಡಿದ ಪೋಸ್ಟ್‌ನ ಮಟ್ಟಿಗೆ ಅದೆಲ್ಲ ಬಂದು ನಿಲ್ಲುವುದು ಆ ಒಂದು ಪದ ಪರದೆಯ ಯಾವ ಮೂಲೆಯಲ್ಲಿದೆ, ಯಾವ ಭಾಷೆಯಲ್ಲಿದೆ, ಎಷ್ಟು ಸೆಕೆಂಡು ಇದೆ ಅನ್ನುವುದಕ್ಕೆ.

ನಿಯಮಗಳು ಎರಡು ಕಡೆಯಿಂದ ಬಂದಿವೆ. ಮೊದಲನೆಯದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಅಂದರೆ ಆಸ್ಕಿ, 2021ರ ಜೂನ್ 14ರಿಂದ ಜಾರಿಗೆ ತಂದದ್ದು. ಆಸ್ಕಿ ಉದ್ಯಮದವರೇ ಕಟ್ಟಿಕೊಂಡ ಸಂಸ್ಥೆ, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಎರಡನೆಯದು ಸರ್ಕಾರದ್ದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಹುಟ್ಟಿದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ಮಾರ್ಗಸೂಚಿ ತಂದಿತು. 2023ರ ಜನವರಿಯಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆಂದೇ ಬಿಡಿಸಿ ಹೇಳುವ ಕೈಪಿಡಿಯೂ ಬಂತು. ಇಲ್ಲಿ ಹಲ್ಲುಂಟು: ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಪ್ರಚಾರ ಮಾಡಿದವರಿಗೆ ಒಂದು ವರ್ಷ, ಆಮೇಲೂ ತಪ್ಪಿದರೆ ಮೂರು ವರ್ಷದವರೆಗೆ ಯಾವ ಪ್ರಚಾರವನ್ನೂ ಮಾಡದಂತೆ ತಡೆಯಬಹುದು.

ದುಡ್ಡು ಕೈಗೆ ಬಂದಿದ್ದರೆ ಮಾತ್ರ ಇದು ಅನ್ವಯ ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಪುಕ್ಕಟೆ ಕೊಟ್ಟ ಸೀರೆ, ರೆಸಾರ್ಟ್‌ನಲ್ಲಿ ಎರಡು ದಿನದ ವಾಸ್ತವ್ಯ, ರಿಯಾಯಿತಿ, ಲಿಂಕ್‌ನಿಂದ ಬರುವ ಕಮಿಷನ್, ಆ ಕಂಪನಿಯಲ್ಲಿ ನಿಮಗೆ ಕೆಲಸ, ಅಂಗಡಿ ನಿಮ್ಮ ಭಾವಮೈದುನನದ್ದು, ಎಲ್ಲವೂ ಹೇಳಬೇಕಾದ ಸಂಬಂಧಗಳೇ. ‘ಬಾರ್ಟರ್ ಕೊಲ್ಯಾಬ್ (ವಸ್ತುವಿಗೆ ಬದಲಾಗಿ ಪ್ರಚಾರ), ದುಡ್ಡೇನೂ ಇಲ್ಲ’ ಅನ್ನುವುದು ನೆಪ ಆಗುವುದಿಲ್ಲ. ಎಷ್ಟು ಕೊಟ್ಟರು ಅಂತ ಹೇಳಬೇಕಾಗಿಲ್ಲ, ಕೊಟ್ಟಿದ್ದಾರೆ ಅಂತ ಹೇಳಿದರೆ ಸಾಕು.

ಈಗ ಆ 45 ಸೆಕೆಂಡಿನ ರೀಲ್ಸ್‌ಗೇ ಬರೋಣ. ಆಸ್ಕಿ ಲೆಕ್ಕ ಹೀಗಿದೆ: 15 ಸೆಕೆಂಡು ಅಥವಾ ಅದಕ್ಕಿಂತ ಚಿಕ್ಕ ವಿಡಿಯೋ ಆದರೆ ‘ಜಾಹೀರಾತು’ ಅನ್ನುವ ಲೇಬಲ್ ಕನಿಷ್ಠ 3 ಸೆಕೆಂಡು; 15 ಸೆಕೆಂಡಿನಿಂದ 2 ನಿಮಿಷದೊಳಗೆ ಇದ್ದರೆ ವಿಡಿಯೋ ಉದ್ದದ ಮೂರನೇ ಒಂದು ಭಾಗ; 2 ನಿಮಿಷ ದಾಟಿದರೆ ಆ ಬ್ರ್ಯಾಂಡ್ ಬಗ್ಗೆ ಮಾತಾಡುವ ಭಾಗ ಪೂರ್ತಿ. ನಮ್ಮ ಎಣ್ಣೆಗೆ 15 ಸೆಕೆಂಡು ಬೇಕಾಯಿತು. ನನ್ನ ಸಲಹೆ ಕೇಳಿದರೆ, ಲೆಕ್ಕ ಹಾಕುತ್ತ ಕೂರಬೇಡಿ, ಮೊದಲಿಂದ ಕೊನೆವರೆಗೂ ಬಿಟ್ಟುಬಿಡಿ. ಎಡಿಟ್ ಮಾಡುವಾಗ ಅಕ್ಷರದ ಪದರವನ್ನು ಪೂರ್ತಿ ಎಳೆಯುವುದು 15 ಸೆಕೆಂಡಿಗೆ ಕತ್ತರಿಸುವುದಕ್ಕಿಂತ ಸುಲಭ. ನಡುವೆ ಬಂದು ನೋಡುವವರೂ ತಪ್ಪಿಸಿಕೊಳ್ಳುವುದಿಲ್ಲ.

ಜಾಗ ಇನ್ನೂ ಮುಖ್ಯ. ಪರದೆಯ ಕೆಳಭಾಗದಲ್ಲಿ ಅಕೌಂಟ್ ಹೆಸರು, ಕ್ಯಾಪ್ಷನ್, ಹಾಡಿನ ಹೆಸರು ಬಂದು ಕೂರುತ್ತವೆ. ಬಲಕ್ಕೆ ಲೈಕು, ಕಾಮೆಂಟು, ಶೇರ್ ಬಟನ್‌ಗಳು. ಎಡಿಟಿಂಗ್ ಆ್ಯಪ್‌ನಲ್ಲಿ ಚೆನ್ನಾಗಿ ಕಾಣುತ್ತಿದ್ದ ಅಕ್ಷರ ಪೋಸ್ಟ್ ಆದ ಮೇಲೆ ಮಾಯವಾಗುವುದು ಇದರಿಂದಲೇ. ಇನ್‌ಸ್ಟಾಗ್ರಾಮ್‌ನ ಒಡೆಯ ಕಂಪನಿ ಮೆಟಾ ತನ್ನ ರೀಲ್ಸ್ ಜಾಹೀರಾತುಗಳಿಗೆ ಮೇಲೆ ಶೇಕಡಾ 14, ಕೆಳಗೆ ಶೇಕಡಾ 35, ಎರಡೂ ಪಕ್ಕ ಶೇಕಡಾ 6ರಷ್ಟು ಜಾಗ ಖಾಲಿ ಬಿಡಿ ಅನ್ನುತ್ತದೆ. 1080ಕ್ಕೆ 1920 ಪಿಕ್ಸೆಲ್ ಚೌಕಟ್ಟಿನಲ್ಲಿ ಅದು ಮೇಲೆ ಸುಮಾರು 270, ಕೆಳಗೆ ಸುಮಾರು 670, ಪಕ್ಕಗಳಲ್ಲಿ ಸುಮಾರು 65 ಪಿಕ್ಸೆಲ್. ಲೇಬಲನ್ನು ಎಡಕ್ಕೆ, ಮೇಲಿನ ಆ 270ರ ಗೆರೆಯ ಸ್ವಲ್ಪ ಕೆಳಗೆ ಇಡಿ. ಅಕ್ಷರದ ಹಿಂದೆ ಕಪ್ಪು ಪಟ್ಟಿ ಕೊಡಿ. ಬಿಳಿ ಗೋಡೆಯ ಮುಂದೆ ಬಿಳಿ ಅಕ್ಷರ ಇಟ್ಟು ‘ಲೇಬಲ್ ಇದೆ’ ಅನ್ನುವವರಿಗೇನೂ ಕಡಿಮೆಯಿಲ್ಲ.

ದನಿಯಲ್ಲೂ ಬರಬೇಕು. ಪ್ರಾಧಿಕಾರದ ಕೈಪಿಡಿ ವಿಡಿಯೋ ಆದರೆ ಕಣ್ಣಿಗೂ ಕಿವಿಗೂ ಎರಡಕ್ಕೂ ತಿಳಿಯಬೇಕು ಅನ್ನುತ್ತದೆ. ‘ಇದು ಜಾಹೀರಾತು, ಇಂಥವರು ದುಡ್ಡು ಕೊಟ್ಟು ಮಾಡಿಸಿದ್ದು’, ಹೇಳಲು 3 ಸೆಕೆಂಡು ಸಾಕು. ಅಡುಗೆಮನೆಯಲ್ಲಿ ಫೋನ್ ಒರಗಿಸಿಟ್ಟು ಬರೀ ಕೇಳಿಸಿಕೊಳ್ಳುವವರು ನಮ್ಮಲ್ಲಿ ಎಷ್ಟೋ ಜನ.

ಭಾಷೆಯ ವಿಷಯಕ್ಕೆ ಬಂದರೆ, ಪ್ರಚಾರ ಯಾವ ಭಾಷೆಯಲ್ಲಿದೆಯೋ ಲೇಬಲ್ಲೂ ಅದೇ ಭಾಷೆಯಲ್ಲಿರಬೇಕು ಅಂತ ಕೈಪಿಡಿ ಸ್ಪಷ್ಟವಾಗಿ ಹೇಳಿದೆ. ಕನ್ನಡದ ಕ್ರಿಯೇಟರ್‌ಗಳು ಅತಿ ಹೆಚ್ಚು ಮುರಿಯುವ ನಿಯಮ ಇದೇ ಇರಬೇಕು. ಮಾತೆಲ್ಲ ಹಾಸನದ ಕನ್ನಡ, ಲೇಬಲ್ ಮಾತ್ರ ಇಂಗ್ಲಿಷು. ‘ಜಾಹೀರಾತು’ ಅಂತ ಬರೆಯಿರಿ, ಎಲ್ಲರಿಗೂ ಗೊತ್ತು. ‘ಥ್ಯಾಂಕ್ಯೂ’ ಅಂತ ಹೇಳಿ ಬ್ರ್ಯಾಂಡ್ ಹೆಸರು ಟ್ಯಾಗ್ ಮಾಡಿದರೆ ಅದು ಲೇಬಲ್ ಅಲ್ಲ. ಪ್ರೊಫೈಲ್‌ನಲ್ಲಿ ‘ಇಲ್ಲಿ ಪ್ರಮೋಷನ್‌ಗಳೂ ಇರುತ್ತವೆ’ ಅಂತ ಒಂದೇ ಸಲ ಬರೆದಿಟ್ಟರೂ ಅಲ್ಲ. ಕ್ಯಾಪ್ಷನ್‌ನಲ್ಲಿ ಮೊದಲ ಪದವೇ ಅದಾಗಿರಲಿ. ‘ಇನ್ನಷ್ಟು’ ಒತ್ತದೆ ಕಾಣುವ ಎರಡು ಸಾಲಿನೊಳಗೆ ಇರಬೇಕು ಅನ್ನುವುದು ನಿಯಮ.

ಇದಲ್ಲದೆ ಆ್ಯಪ್‌ನ ಒಳಗಿನ ಸೌಲಭ್ಯವನ್ನೂ ಬಳಸಿ. ಇನ್‌ಸ್ಟಾಗ್ರಾಮ್‌ನಲ್ಲಿ ಹಂಚುವ ಮುಂಚಿನ ಪರದೆಯಲ್ಲಿ ಪೇಯ್ಡ್ ಪಾರ್ಟ್‌ನರ್‌ಶಿಪ್ ಲೇಬಲ್ ಆಯ್ಕೆ ಇದೆ, ಅಲ್ಲೇ ಬ್ರ್ಯಾಂಡ್ ಅಕೌಂಟ್ ಸೇರಿಸಬಹುದು. ಯೂಟ್ಯೂಬ್ ಸ್ಟುಡಿಯೋದಲ್ಲಿ ವಿಡಿಯೋದ ವಿವರಗಳ ಪುಟ ತೆರೆದು ‘ಶೋ ಮೋರ್’ ಒತ್ತಿದರೆ ಪೇಯ್ಡ್ ಪ್ರಮೋಷನ್ ಅಂತ ಒಂದು ಚೌಕ. ಅದಕ್ಕೆ ಟಿಕ್ ಹಾಕಿದರೆ ವಿಡಿಯೋ ಶುರುವಿನಲ್ಲಿ 10 ಸೆಕೆಂಡು ಸೂಚನೆ ಕಾಣುತ್ತದೆ. ಇಪ್ಪತ್ತು ನಿಮಿಷದ ವಿಡಿಯೋದಲ್ಲಿ ಹನ್ನೆರಡನೇ ನಿಮಿಷಕ್ಕೆ ಪ್ರಮೋಷನ್ ಬಂದರೆ ಆ 10 ಸೆಕೆಂಡಿನಿಂದ ಏನೂ ಆಗದು, ಅಲ್ಲಿ ಮತ್ತೆ ಹಾಕಬೇಕು. ಸ್ಟೋರಿ ಐದು ತುಂಡಾಗಿದ್ದರೆ ಐದರಲ್ಲೂ ಹಾಕಿ. ಲೈವ್ ಆದರೆ ಉದ್ದಕ್ಕೂ.

ಬ್ಯೂಟಿ ಪೇಜ್‌ನವರಿಗೆ ಒಂದು ಮಾತು. ಕೂದಲ ಎಣ್ಣೆಯ ಪ್ರಚಾರದಲ್ಲಿ ಕೂದಲು ಹೊಳೆಯುವಂತೆ ಮಾಡುವ ಫಿಲ್ಟರ್, ಟೂತ್‌ಪೇಸ್ಟ್ ಪ್ರಚಾರದಲ್ಲಿ ಹಲ್ಲು ಬಿಳುಪಾಗಿಸುವ ಫಿಲ್ಟರ್ ಬಳಸಬೇಡಿ.

ಲೇಬಲ್ ಅಂಟಿಸಿದ ಕೂಡಲೇ ಗಂಗಾಸ್ನಾನ ಆಯಿತು ಅಂತಲ್ಲ. ಹೇಳಿದ್ದು ನಿಜವೇ ಅನ್ನುವ ಪ್ರಶ್ನೆ ಉಳಿದೇ ಇರುತ್ತದೆ. ‘ನಮ್ಮನೇಲಿ ಇದೇ ಎಣ್ಣೆ’ ಅಂದರೆ ಮನೆಯಲ್ಲಿ ಅದೇ ಇರಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೇ ಕಲಂ ಪ್ರಚಾರ ಮಾಡಿದವರಿಗೆ ಒಂದು ರಕ್ಷಣೆ ಕೊಡುತ್ತದೆ: ಹೇಳುವ ಮುಂಚೆ ಸರಿಯಾಗಿ ಪರಿಶೀಲಿಸಿದ್ದರೆ ದಂಡವಿಲ್ಲ. ಹಾಗಾಗಿ ಪರಿಶೀಲಿಸಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ಬ್ರ್ಯಾಂಡ್ ಕಳಿಸಿದ ಲ್ಯಾಬ್ ವರದಿ, ಇಮೇಲ್, ಪೊಟ್ಟಣದ ಫೋಟೋ ಒಂದು ಫೋಲ್ಡರ್‌ನಲ್ಲಿರಲಿ. ತಿನ್ನುವ ವಸ್ತುವಾದರೆ ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಸಂಖ್ಯೆ ಇರುತ್ತದೆ, ಅದನ್ನು ಅವರದೇ ಪರವಾನಗಿ ತಾಣವಾದ ಫಾಸ್ಕಾಸ್ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಆ ಸಂಖ್ಯೆ ಇದೆ ಅಂದರೆ ತಯಾರಕರಿಗೆ ಪರವಾನಗಿ ಇದೆ ಅಂತಷ್ಟೇ ಅರ್ಥ. ‘ಮಂಡಿನೋವು ಹೋಗುತ್ತೆ’ ಅನ್ನುವ ಮಾತಿಗೆ ಅದು ಸಾಕ್ಷಿಯಲ್ಲ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿಯಾಗುತ್ತದೆ ಅನ್ನುವ ಪುಡಿ, ಕಷಾಯಗಳ ಪ್ರಚಾರವಂತೂ 1954ರ ಮಾಂತ್ರಿಕ ಔಷಧಗಳ ಕಾಯ್ದೆಯಡಿ ಆಕ್ಷೇಪಾರ್ಹ ಜಾಹೀರಾತು. ಅಲ್ಲಿ ಲೇಬಲ್ ಹಾಕಿದರೂ ಉಳಿಗಾಲವಿಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳದೂ ಅಷ್ಟೇ, 2025ರ ಆಗಸ್ಟ್‌ನಲ್ಲಿ ಬಂದ ಕಾಯ್ದೆ ಅವುಗಳ ಜಾಹೀರಾತನ್ನೇ ನಿಷೇಧಿಸಿದೆ.

ನಮ್ಮ ಕಡೆಯ ದೊಡ್ಡ ಗೋಜಲು ಸೈಟ್ ಪ್ರಮೋಷನ್. ಬೆಂಗಳೂರು ಸುತ್ತಮುತ್ತ, ಮೈಸೂರು ಕಡೆ ಲೇಔಟ್‌ನಲ್ಲಿ ನಿಂತು ‘ಏರ್‌ಪೋರ್ಟ್‌ಗೆ ಇಪ್ಪತ್ತೇ ನಿಮಿಷ’ ಅನ್ನುವ ವಿಡಿಯೋಗಳು. 500 ಚದರ ಮೀಟರ್ ಮೀರಿದ ಯೋಜನೆಯ ಜಾಹೀರಾತಿನಲ್ಲಿ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ನೋಂದಣಿ ಸಂಖ್ಯೆ ಮತ್ತು ಅದರ ವೆಬ್‌ಸೈಟ್ ವಿಳಾಸ ಇರಲೇಬೇಕು ಅಂತ ರೇರಾ ಕಾಯ್ದೆಯ 11(2)ನೇ ಕಲಂ ಹೇಳುತ್ತದೆ. ಶೂಟಿಂಗ್‌ಗೆ ಹೋಗುವ ಮುಂಚೆ ಕರ್ನಾಟಕ ರೇರಾ ವೆಬ್‌ಸೈಟ್‌ನಲ್ಲಿ ಸಂಖ್ಯೆ ಹಾಕಿ, ಯೋಜನೆಯ ಹೆಸರು, ಡೆವಲಪರ್ ಹೆಸರು, ಮುಗಿಸುವ ದಿನಾಂಕ ನೋಡಿ. ಅರ್ಜಿ ಹಾಕಿದ್ದಾರೆ ಅನ್ನುವುದು ಬೇರೆ, ನೋಂದಣಿ ಆಗಿದೆ ಅನ್ನುವುದು ಬೇರೆ. ‘ರೇರಾ ಆಗ್ತಾ ಇದೆ’ ಅಂದರೆ ಆಗಿಲ್ಲ ಅಂತ. ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿದಿಲ್ಲ: ಯಾವುದೇ ಮಾಧ್ಯಮದ ಮೂಲಕ ಕೊಳ್ಳುವವರನ್ನೂ ಮಾರುವವರನ್ನೂ ಪರಿಚಯಿಸಿ ಅದಕ್ಕೆ ಕಮಿಷನ್ ಪಡೆಯುವವರನ್ನು ರೇರಾ ಕಾಯ್ದೆ ಏಜೆಂಟ್ ಅಂತಲೇ ಪರಿಗಣಿಸುತ್ತದೆ. ಕಾಲ್ ಮಾಡಿಸಿದ್ದಕ್ಕೆ, ಸೈಟ್ ಮಾರಿಸಿದ್ದಕ್ಕೆ ಕಮಿಷನ್ ಅಂತ ಒಪ್ಪಿಕೊಂಡರೆ ನಿಮಗೇ ನೋಂದಣಿ ಬೇಕಾಗಬಹುದು.

‘ಲೇಬಲ್ ಹಾಕಿದ್ರೆ ರೀಚ್ (ನೋಡುವವರ ಸಂಖ್ಯೆ) ಬಿದ್ದೋಗುತ್ತೆ, ಹಾಕ್ಬೇಡಿ’ ಅಂತ ಬ್ರ್ಯಾಂಡ್ ಪರವಾಗಿ ಪ್ರಚಾರ ಮಾಡಿಸುವ ಏಜೆನ್ಸಿಯವರು ವಾಟ್ಸ್ಆ್ಯಪ್ ಮಾಡುತ್ತಾರೆ. ಬ್ರ್ಯಾಂಡ್ ಕಳಿಸಿದ ಸ್ಕ್ರಿಪ್ಟನ್ನೇ ಹತ್ತು ಜನ ಒಂದೇ ದನಿಯಲ್ಲಿ ಓದಿದರೆ ಜನ ಮೂರನೇ ಸೆಕೆಂಡಿಗೆ ಮುಂದೆ ಹೋಗುತ್ತಾರೆ. ಅದಕ್ಕೆ ಲೇಬಲ್ ಮೇಲೆ ಯಾಕೆ ಗೂಬೆ ಕೂರಿಸಬೇಕು? ಉತ್ತರ ಹೀಗೆ ಬರೆಯಬಹುದು: ‘ಲೇಬಲ್ ಇಲ್ಲದೆ ಹಾಕೋಕಾಗಲ್ಲ ಸರ್, ದಂಡ ನಿಮಗೂ ಬರುತ್ತೆ ನನಗೂ ಬರುತ್ತೆ. ವಿಡಿಯೋದಲ್ಲಿ ಎಲ್ಲಿ ಬರುತ್ತೆ ಅಂತ ಡ್ರಾಫ್ಟ್ ಕಳಿಸ್ತೀನಿ.’ ಒಪ್ಪಂದದಲ್ಲೂ ಇದನ್ನು ಒಂದು ಸಾಲಾಗಿ ಸೇರಿಸಿ. ಜೊತೆಗೆ ಇನ್ನೆರಡು: ಟೀಕೆಯ ಕಾಮೆಂಟ್‌ಗಳನ್ನು ಅಳಿಸುವುದಿಲ್ಲ, ತಪ್ಪು ಕಂಡರೆ ಬ್ರ್ಯಾಂಡ್‌ನ ಅನುಮತಿಗೆ ಕಾಯದೆ ತಿದ್ದುತ್ತೇವೆ. ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ವಿಡಿಯೋ ಬದಲಿಸಲು ಬರುವುದಿಲ್ಲ, ಕ್ಯಾಪ್ಷನ್ ತಿದ್ದಬಹುದು, ಕಾಮೆಂಟ್ ಪಿನ್ ಮಾಡಬಹುದು. ಬೆಲೆಯೋ ವಿಳಾಸವೋ ತಪ್ಪಿದ್ದರೆ ಅಷ್ಟು ಸಾಕು. ಮೂಲ ಮಾತೇ ಸುಳ್ಳಾಗಿದ್ದರೆ ತೆಗೆದುಹಾಕಿ, ಯಾಕೆ ತೆಗೆದಿರಿ ಅಂತ ಬೇರೆ ಪೋಸ್ಟ್ ಹಾಕಿ.

ಮೊಬೈಲ್ ರಿವ್ಯೂ ಮಾಡುವವರು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದಾದದ್ದು: ‘ಫೋನ್ ಕಂಪನಿ ಕೊಟ್ಟಿದ್ದು, ಎರಡು ವಾರಕ್ಕೆ ವಾಪಸ್ ಹೋಗುತ್ತೆ, ದುಡ್ಡು ತಗೊಂಡಿಲ್ಲ, ಈ ವಿಡಿಯೋನ ಅವರಿಗೆ ಮೊದಲೇ ತೋರಿಸಿಲ್ಲ.’ ಆ ಕೊನೆಯ ಮಾತಿಗೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ವಾಪಸ್ ಹೋಗದಿದ್ದರೆ ಹೋಗುತ್ತದೆ ಅನ್ನಬೇಡಿ, ತೆರಿಗೆಯವರಿಗೂ ಅದು ಮುಖ್ಯ. 2022ರ ಜುಲೈ 1ರಿಂದ ಬಂದ ನಿಯಮದ ಪ್ರಕಾರ ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಉಡುಗೊರೆಗಳಿಗೆ ಶೇಕಡಾ 10 ಟಿಡಿಎಸ್, ಅಂದರೆ ಕೊಡುವವರೇ ಕಡಿದುಕೊಂಡು ಕಟ್ಟುವ ತೆರಿಗೆ, ಇದೆ. ವಸ್ತು ಇಟ್ಟುಕೊಂಡರೆ ಲೆಕ್ಕಕ್ಕೆ ಬರುತ್ತದೆ, ಹಿಂದಿರುಗಿಸಿದರೆ ಇಲ್ಲ.

ಅಮೆರಿಕದಲ್ಲಿ ಕೂತು ಅಲ್ಲಿನ ಕನ್ನಡಿಗರಿಗೆ ಮಸಾಲೆಪುಡಿ ಪ್ರಮೋಟ್ ಮಾಡುವವರಿಗೆ ಅಲ್ಲಿನ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ ಇದೆ. ಅಲ್ಲೂ ಕನ್ನಡದಲ್ಲಿ ಹೇಳಿದ್ದಕ್ಕೆ ಕನ್ನಡದಲ್ಲೇ ಲೇಬಲ್.

ನೋಡುವವರಾಗಿ ದೂರು ಕೊಡಬೇಕು ಅನ್ನಿಸಿದರೆ ಮೊದಲು ಸ್ಕ್ರೀನ್ ರೆಕಾರ್ಡ್ ಮಾಡಿ, ಯಾಕೆಂದರೆ ಸ್ಟೋರಿ 24 ಗಂಟೆಗೆ ಹೋಗುತ್ತದೆ, ಕ್ಯಾಪ್ಷನ್ ಯಾವಾಗ ಬೇಕಾದರೂ ಬದಲಾಗುತ್ತದೆ. ಪೋಸ್ಟ್‌ನ ಲಿಂಕ್, ದಿನಾಂಕ, ಮುಚ್ಚಿದ ಸ್ಥಿತಿಯಲ್ಲಿ ಕ್ಯಾಪ್ಷನ್ ಹೇಗೆ ಕಾಣುತ್ತಿತ್ತು ಅನ್ನುವ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆಸ್ಕಿ ವೆಬ್‌ಸೈಟ್‌ನಲ್ಲಿ ದೂರು ಹಾಕಬಹುದು. ಆ ವಸ್ತು ಕೊಂಡು ಮೋಸಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಬಿಲ್ ಕೈಯಲ್ಲಿರಲಿ.