ಬಾಲ್ಕನಿಯಿಂದ ಬಿದ್ದ ಬೆಕ್ಕು: ಮೊದಲು ನೋಡುವುದು ಕಾಲನ್ನಲ್ಲ

ಬೆಂಗಳೂರಿನ ಒಂದು ಪ್ರಾಣಿ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನನ್ನ ಕೆಲಸ. ಅಪಾರ್ಟ್‌ಮೆಂಟ್‌ನಿಂದ ಬಿದ್ದ ಬೆಕ್ಕುಗಳು ನಮ್ಮಲ್ಲಿ ಮಾಮೂಲು. ಪಾರಿವಾಳ ಕಂಡಿತು, ಜಿಗಿಯಿತು, ಅಷ್ಟೇ. ತಂದವರು ಬಾಗಿಲಲ್ಲೇ ಹೇಳುತ್ತಾರೆ: "ಡಾಕ್ಟ್ರೇ, ಕಾಲು ಮುರಿದಿದೆ, ಬೇಗ ಎಕ್ಸ್‌ರೇ ತೆಗೀರಿ."

ನಾವು ತೆಗೆಯುವುದಿಲ್ಲ. ಬೆಕ್ಕನ್ನು ಆಕ್ಸಿಜನ್ ಪೆಟ್ಟಿಗೆಯೊಳಗೆ ಬಿಟ್ಟು, ಹೊರಗೆ ನಿಂತು ಅದರ ಪಕ್ಕೆ ಏಳುವುದು ಇಳಿಯುವುದನ್ನು ನೋಡುತ್ತೇವೆ. "ಸುಮ್ನೆ ನಿಂತಿದ್ದೀರಲ್ಲ" ಎಂದು ಕೆಲವರಿಗೆ ಸಿಟ್ಟು ಬರುತ್ತದೆ. ಬರದೇ ಇರುತ್ತಾ? ಆದರೆ ಬಿದ್ದ ಏಟಿಗೆ ಶ್ವಾಸಕೋಶದಲ್ಲಿ ರಕ್ತ ಕಟ್ಟಿರಬಹುದು, ಅದರ ಸುತ್ತ ಗಾಳಿ ಸೋರಿ ತುಂಬಿರಬಹುದು. ಅಂಥ ಬೆಕ್ಕನ್ನು ಎಕ್ಸ್‌ರೇಗೆಂದು ಮಲಗಿಸಿ ಒತ್ತಿ ಹಿಡಿದರೆ ಮೇಜಿನ ಮೇಲೇ ಜೀವ ಹೋಗಬಹುದು. ಕಾಲನ್ನು ನಾಳೆ ಸರಿಮಾಡಬಹುದು.

ಸುಮ್ಮನೆ ಮಲಗಿದ ಬೆಕ್ಕು ನಿಮಿಷಕ್ಕೆ ಸುಮಾರು 20ರಿಂದ 30 ಸಲ ಉಸಿರಾಡುತ್ತದೆ. 40 ದಾಟಿದರೆ, ಹೊಟ್ಟೆ ಎತ್ತಿ ಎತ್ತಿ ಉಸಿರಾಡಿದರೆ, ಒಸಡು ಬಿಳಿಚಿದರೆ ಅಥವಾ ನೀಲಿಯಾದರೆ ತಕ್ಷಣ ಹೊರಡಿ. ನಾಯಿ ಬಾಯಿ ತೆರೆದು ತೇಕುವುದು ಸಹಜ. ಪೆಟ್ಟು ತಿಂದ ಬೆಕ್ಕು ಹಾಗೆ ಮಾಡಿದರೆ ಅಪಾಯ. ಇನ್ನೊಂದು ವ್ಯತ್ಯಾಸವಿದೆ. ಶಾಕ್‌ಗೆ ಹೋದ, ಅಂದರೆ ಪೆಟ್ಟಿನಿಂದ ಮೈಯಲ್ಲಿ ರಕ್ತದ ಓಟ ಕುಸಿದ ನಾಯಿಯ ಎದೆ ಜೋರಾಗಿ ಬಡಿಯುತ್ತದೆ. ಬೆಕ್ಕಿನದು ಎಷ್ಟೋ ಸಲ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ. "ಪಾಪ, ಈಗ ಸಮಾಧಾನ ಆಗಿದೆ" ಅಂತ ಮನೆಯವರು ಅಂದುಕೊಳ್ಳುವುದು ಇದನ್ನೇ.

ಎಷ್ಟು ಎತ್ತರದಿಂದ ಬಿದ್ದರೂ ಬೆಕ್ಕಿಗೆ ಏನೂ ಆಗಲ್ಲ ಅನ್ನುವವರೂ ಇದ್ದಾರೆ. 1987ರಲ್ಲಿ ನ್ಯೂಯಾರ್ಕ್‌ನ ಪಶುವೈದ್ಯರು ಹೀಗೆ ಬಿದ್ದ 132 ಬೆಕ್ಕುಗಳ ವಿವರ ಪ್ರಕಟಿಸಿದರು. ಚಿಕಿತ್ಸೆ ಸಿಕ್ಕವುಗಳಲ್ಲಿ ನೂರಕ್ಕೆ ಸುಮಾರು 90 ಉಳಿದವು. ಒಳ್ಳೆಯ ಸುದ್ದಿಯೇ. ಆದರೆ ಬಿದ್ದಲ್ಲೇ ಸತ್ತ ಬೆಕ್ಕನ್ನು ಯಾರು ಆಸ್ಪತ್ರೆಗೆ ತರುತ್ತಾರೆ? ಅವು ಆ ಲೆಕ್ಕದಲ್ಲಿಲ್ಲ.

ನನಗೆ ಏಟಿಗಿಂತ ಜಾಸ್ತಿ ಭಯ ಪ್ಯಾರಸಿಟಮಾಲ್‌ದು. ರಾತ್ರಿ ಬೆಕ್ಕು ಕುಂಟುತ್ತಿರುತ್ತದೆ, ಮನೆಯಲ್ಲಿ ಮಾತ್ರೆ ಇರುತ್ತದೆ, ಅರ್ಧ ಮುರಿದು ಕೊಡುತ್ತಾರೆ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸುವ ಶಕ್ತಿ ಇಲ್ಲ. ರಕ್ತಕ್ಕೆ ಆಮ್ಲಜನಕ ಹೊರಲು ಆಗುವುದಿಲ್ಲ, ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಅಸಿಟೈಲ್‌ಸಿಸ್ಟೀನ್ ಎಂಬ ಮದ್ದು ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಅದಕ್ಕೆ ನಮಗೆ ವಿಷಯ ಗೊತ್ತಾಗಬೇಕಲ್ಲ! "ಏನಾದ್ರೂ ಮಾತ್ರೆ ಕೊಟ್ರಾ?" ಎಂದು ಕೇಳಿದರೆ ಬೈತಾರೇನೋ ಅಂತ ಹೆದರಿ "ಇಲ್ಲ" ಅನ್ನುತ್ತಾರೆ. ಈಗ ನಾನು "ಯಾವ ಮಾತ್ರೆ ಕೊಟ್ರಿ, ಎಷ್ಟು ಹೊತ್ತಿಗೆ?" ಅಂತಲೇ ಕೇಳುತ್ತೇನೆ. ಆಗ ನಿಜ ಹೊರಗೆ ಬರುತ್ತದೆ.

ತರುವಾಗ ಎತ್ತಿ ಅಪ್ಪಿಕೊಳ್ಳಬೇಡಿ. ನೋವಲ್ಲಿ ಸಾಕಿದವರನ್ನೂ ಕಚ್ಚುತ್ತದೆ. ತೂತು ಮಾಡಿದ ರಟ್ಟಿನ ಡಬ್ಬ, ಒಳಗೊಂದು ಹಳೆ ಟವೆಲ್ ಸಾಕು. ಬಾಯಿಗೆ ಹಾಲು, ನೀರು ಹಾಕಬೇಡಿ.

ಮೇಲ್ನೋಟಕ್ಕೆ ಏನೂ ಆಗಿಲ್ಲದ ಬೆಕ್ಕನ್ನೂ ಒಂದು ದಿನ ಇಟ್ಟುಕೊಳ್ಳುತ್ತೇವೆ. ಬಿಲ್ ಹೆಚ್ಚಿಸೋಕೆ ಅಂತ ಎಷ್ಟೋ ಜನರ ಅನುಮಾನ. ಬಿದ್ದಾಗ ಮೂತ್ರಕೋಶ ಒಡೆದಿದ್ದರೆ ಅದು ಮೊದಲ ದಿನ ಗೊತ್ತಾಗದೆಯೂ ಇರಬಹುದು. ಹಾಗಾಗಿ ಮನೆಗೆ ಕಳಿಸುವಾಗ ಬ್ಯಾಂಡೇಜ್ ಬಗ್ಗೆ ಎರಡು ಮಾತು ಹೇಳಿ, ಮಿಕ್ಕಿದ್ದೆಲ್ಲ ಉಚ್ಚೆಯ ಬಗ್ಗೆಯೇ ಹೇಳುತ್ತೇನೆ: ಟ್ರೇ ಒದ್ದೆಯಾಗಿದೆಯಾ, ಬಣ್ಣ ಹೇಗಿದೆ, ಉಚ್ಚೆ ಮಾಡಲು ತಿಣುಕುತ್ತಿದೆಯಾ. ಒಂದಿಡೀ ದಿನ ಟ್ರೇ ಒಣಗಿದ್ದರೆ ವಾಪಸ್ ತನ್ನಿ.